ಗಗನಚುಕ್ಕಿಯಲ್ಲಿ ಕಾಣುವುದು ಉಳಿದ ನೀರು

(ನಮ್ಮ ಪ್ರತಿನಿಧಿಯಿಂದ)

ಕೊಡಗಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತೆಂದರೆ ಇತ್ತ ಶಿವಾಜಿನಗರದ ವ್ಯಾನಿನವರಿಗೆ ಪುರುಸೊತ್ತಿರುವುದಿಲ್ಲ. ಕನ್ನಂಬಾಡಿ ತುಂಬಿತು ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದದ್ದೇ ತಡ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಗಳಲ್ಲಿ "ಭಾನುವಾರ ಗಾಡಿ ಖಾಲಿ ಇದೆಯಾ ಭಾಯ್?" ಎಂಬ ವಿಚಾರಣೆ ಶುರುವಾಗುತ್ತದೆ. ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ದಂಡಿನ ಜನ ಗಾಡಿ ಕಟ್ಟಿಕೊಂಡು ಹೊರಟರೆಂದರೆ ಹತ್ತಕ್ಕೆ ಆರು ಪಾಲು ಅದು ಶಿವನಸಮುದ್ರಕ್ಕೇ.

ಹೋಗುವವರು ಒಂದೇ ತರಹದವರಲ್ಲ. ಶಿವಾಜಿನಗರದ ಸಾಬರ ಮನೆಗಳವರಿಗೆ ಗಗನಚುಕ್ಕಿ ಪಕ್ಕದಲ್ಲಿರುವ ಮರ್ದಾನೆ ಗೈಬ್ ದರ್ಗಾ ಮುಖ್ಯ. ದೇಗ್‌ಸಾದಲ್ಲಿ ಬಿರಿಯಾನಿ ತುಂಬಿಕೊಂಡು, ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರನ್ನೂ ಕೂರಿಸಿಕೊಂಡು ಹೋಗುತ್ತಾರೆ. ಹಲಸೂರು, ಮರ್ಫಿಟೌನ್ ಕಡೆಯವರಿಗೆ ಅಲ್ಲಿರುವ ಮಧ್ಯರಂಗನಾಥನ ದರ್ಶನವಾಗಬೇಕು. ಶ್ರೀರಂಗಪಟ್ಟಣದ್ದು ಆದಿರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ, ನಡುವೆ ಸಿಕ್ಕುವುದು ಇದು. ಅವರದ್ದು ಪುಳಿಯೋಗರೆ, ಮೊಸರನ್ನದ ಡಬ್ಬಿ. ಇಂದಿರಾನಗರದವರು ಕಾರಿನಲ್ಲಿ ಹೋಗುತ್ತಾರೆ, ದಾರಿಯಲ್ಲಿ ಕಾಫಿಗೆ ಎರಡು ಸಲ ನಿಲ್ಲಿಸುತ್ತಾರೆ. ಕೆ.ಆರ್. ಪುರದ ಹುಡುಗರು ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಟಿನ್ ಫ್ಯಾಕ್ಟರಿ ಬಳಿ ಸೇರಿ ಏಳೆಂಟು ಬೈಕುಗಳಲ್ಲಿ ಹೊರಟುಬಿಡುತ್ತಾರೆ. ಮನೆಯಲ್ಲಿ ಹೇಳಿರುತ್ತಾರೋ ಇಲ್ಲವೋ ದೇವರಿಗೇ ಗೊತ್ತು.

ಕನಕಪುರ, ಮಳವಳ್ಳಿ ಮೇಲೆ ಹೋದರೆ ಸುಮಾರು 130 ಕಿಲೋಮೀಟರ್. ಬಸ್ಸಿನಲ್ಲಿ ಹೋಗುವವರು ಕೊಳ್ಳೇಗಾಲದ ಗಾಡಿ ಹತ್ತಬೇಕು. ದೂರವೇನೂ ಅಲ್ಲ. ಆದರೆ ಅಲ್ಲಿ ಹೋಗಿ ನಿಂತಾಗ ನಾವು ನೋಡುತ್ತಿರುವುದು ಏನನ್ನು ಎಂಬುದು ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ವರ್ಷ ವರ್ಷವೂ ಆ ಹೊಳೆಯ ಪಾತ್ರದಿಂದ ಯಾರದೋ ಮನೆಯ ಮಗನ ಹೆಣ ಎತ್ತುವ ಸುದ್ದಿ ಬರುತ್ತಿದೆ.

ದೀಪ ಮೊದಲು, ಜಲಪಾತ ಆಮೇಲೆ

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ನಡುವೆ ಒಂದು ದ್ವೀಪ ಬಿಟ್ಟುಕೊಂಡು ಹರಿಯುತ್ತಾಳೆ. ಪಡುವಣ ಕವಲು ಗಗನಚುಕ್ಕಿ, ಮೂಡಣ ಕವಲು ಭರಚುಕ್ಕಿ. ಗಗನಚುಕ್ಕಿ ನೋಡುವ ಕಟ್ಟೆ ಇರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಡೆ. ಭರಚುಕ್ಕಿ ಇರುವುದು ಚಾಮರಾಜನಗರ ಜಿಲ್ಲೆಯಲ್ಲಿ. ಎರಡನ್ನೂ ಒಂದೇ ಕಡೆ ನಿಂತು ನೋಡಲಾಗದು, ಸುತ್ತಿ ಬರಬೇಕು. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಗೊತ್ತಿಲ್ಲದ್ದು ಇದು. ಹೊಳೆ ಬೀಳುವುದಕ್ಕೆ ಮುಂಚೆಯೇ, ಮೇಲ್ಭಾಗದಲ್ಲಿ, ಅಣೆ ಕಟ್ಟಿ ನೀರನ್ನು ತಿರುಗಿಸಿಕೊಂಡಿದ್ದಾರೆ. ತಿರುಗಿಸಿದ ನೀರು ಕಾಲುವೆಯಲ್ಲಿ ಹರಿದು ಬಂದು, ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಕ್ಕಿಳಿದು ವಿದ್ಯುದಾಗಾರದ ಚಕ್ರ ತಿರುಗಿಸುತ್ತದೆ. ಅಂದರೆ ಜಲಪಾತದ ಪಕ್ಕದಲ್ಲೇ ಕೊಳವೆಯೊಳಗೆ ಇನ್ನೊಂದು ಜಲಪಾತ ಇದೆ, ಅದು ಯಾರಿಗೂ ಕಾಣುವುದಿಲ್ಲ. ಮೊದಲ ಪಾಲು ಅದಕ್ಕೇ. ಉಳಿದದ್ದು ಬಂಡೆ ಮೇಲಿಂದ ಬೀಳುತ್ತದೆ, ನಾವು ಅದರ ಫೋಟೋ ತೆಗೆದುಕೊಂಡು ಬರುತ್ತೇವೆ.

ಈ ವಿದ್ಯುದಾಗಾರ ಚಾಲೂ ಆದದ್ದು 1902ರ ಜೂನ್ 30ರಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಯೋಜನೆ. ಪಾಪ, ಅವರು 1901ರಲ್ಲೇ ತೀರಿಕೊಂಡರು, ದೀಪ ಹತ್ತಿದ್ದನ್ನು ಕಾಣಲಿಲ್ಲ. ಜೋಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರ್ ಓಡಾಡಿ ಕೆಲಸ ಮಾಡಿಸಿದರು. ಯಂತ್ರಗಳು ಅಮೆರಿಕ, ಸ್ವಿಟ್ಜರ್‌ಲೆಂಡಿನಿಂದ ಹಡಗಿನಲ್ಲಿ ಬಂದು, ರೈಲು ಮುಗಿದ ಕಡೆಯಿಂದ ಎತ್ತಿನ ಗಾಡಿ, ಆನೆಗಳ ಮೇಲೆ ಕಾಡುದಾರಿ ಹಿಡಿದವು. ಇಷ್ಟೆಲ್ಲ ಮಾಡಿದ್ದು ಬೆಂಗಳೂರಿಗಾಗಿ ಅಲ್ಲ ಸ್ವಾಮಿ, ಕೋಲಾರದ ಚಿನ್ನದ ಗಣಿಗೆ. ಹೊಳೆಯಿಂದ ಗಣಿಯವರೆಗೆ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು.

ಬೆಂಗಳೂರಿನ ಪೇಟೆ ಭಾಗಕ್ಕೆ ಬೀದಿದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರ ಆಗಸ್ಟ್ 5ರಂದು. ನಮ್ಮ ದಂಡಿನ ಸರದಿ ಅದಕ್ಕೂ ಆಮೇಲೆ. ಆಗ ಇದು ಬ್ರಿಟಿಷರ ಕೈಯಲ್ಲಿದ್ದ ಬೇರೆಯೇ ಊರು, ಪೇಟೆಗೂ ಇದಕ್ಕೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹಲಸೂರಿನ ಎಷ್ಟೋ ಮನೆಗಳಲ್ಲಿ ತಾತ ಗಣಿಯಲ್ಲಿ ಕೆಲಸ ಮಾಡಿದವರು, ಇಲ್ಲವೇ ಅತ್ತೆಯ ತವರು ಕೆ.ಜಿ.ಎಫ್. ಸುರಂಗದ ಆಳದಲ್ಲಿ ಆ ತಾತಂದಿರಿಗೆ ಗಾಳಿ, ಬೆಳಕು ಕೊಟ್ಟದ್ದು, ಲಿಫ್ಟ್ ಎಳೆದದ್ದು ಇದೇ ಶಿವನಸಮುದ್ರದ ಕರೆಂಟು. ಗಣಿ 2001ರಲ್ಲಿ ಮುಚ್ಚಿತು. ಹೊಳೆ ಪಕ್ಕದ ವಿದ್ಯುದಾಗಾರ ಗಣಿಗಿಂತ ಹೆಚ್ಚು ಕಾಲ ಬಾಳಿತು.

ಗಣಿಯವರಿಗೆ ಬೇಸಿಗೆಯಲ್ಲೂ ಕರೆಂಟು ನಿಲ್ಲಬಾರದು. ಹೊಳೆಯೋ ಬೇಸಿಗೆಯಲ್ಲಿ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಬಿಡಬೇಕು ಎನ್ನುವುದಕ್ಕೆ ಕನ್ನಂಬಾಡಿ ಕಟ್ಟೆ ಕಟ್ಟಿದ ಕಾರಣಗಳಲ್ಲಿ ಇದೂ ಒಂದಾಗಿತ್ತು. ಮಂಡ್ಯದ ಗದ್ದೆಗೆ ನೀರು ಎಂಬುದಷ್ಟೇ ನಮಗೆ ನೆನಪಿದೆ.

ನಲ್ಲಿಯಲ್ಲಿ ಬರುವುದೂ ಅದೇ

ಎರಡನೆಯ ಪಾಲು ನಮ್ಮ ನಲ್ಲಿಯದು. 1974ರಲ್ಲಿ ಕಾವೇರಿ ಮೊದಲ ಹಂತ ಬಂತಲ್ಲ, ಅದರ ನೀರು ಎತ್ತುವುದೂ ಈ ಸೀಮೆಯಲ್ಲೇ. ಶಿವ ಅಣೆಯಿಂದ ನೆಟ್ಕಲ್ ಜಲಾಶಯಕ್ಕೆ, ಅಲ್ಲಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ. ತೊರೆಕಾಡನಹಳ್ಳಿ ಎಂದರೆ ಯಾರಿಗೂ ತಿಳಿಯುವುದಿಲ್ಲ, ಟಿ.ಕೆ. ಹಳ್ಳಿ ಎಂದರೆ ನೀರಿನ ಮಂಡಳಿಯವರೆಲ್ಲ ತಲೆ ಎತ್ತುತ್ತಾರೆ. ಅಲ್ಲಿ ಶುದ್ಧ ಮಾಡಿ, ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಮತ್ತೆ ಪಂಪು ಹೊಡೆದು, 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿಸಿ ತರುತ್ತಾರೆ. ಬೀಳುವ ಹೊಳೆಯನ್ನು ಬೆಟ್ಟ ಹತ್ತಿಸಿದ ಹಾಗೆ.

ನಮ್ಮ ಪೂರ್ವ ಭಾಗಕ್ಕೆ ಈ ನೀರು ಒಂದೇ ದಿನ ಬಂದದ್ದಲ್ಲ. ದಂಡು, ಹಲಸೂರು, ಇಂದಿರಾನಗರದವರು ಮುಂಚೆ ಕಂಡರು. ಕೆ.ಆರ್. ಪುರ, ಮಹದೇವಪುರದ ಆಚೆಯ ಹಳ್ಳಿಗಳವರು ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡು ದಶಕಗಟ್ಟಲೆ ಕಾದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಅಲ್ಲಿನವರು ಪಟ್ಟ ಪಾಡು ಮರೆಯುವಂಥದ್ದಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಐದನೆಯ ಹಂತಕ್ಕೆ ಟಿ.ಕೆ. ಹಳ್ಳಿಯಲ್ಲಿ ಚಾಲನೆ ಕೊಟ್ಟರು. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್. ಹಳೆಯ 1,450 ದಶಲಕ್ಷಕ್ಕೆ ಇದನ್ನು ಸೇರಿಸಿದರೆ 2,225 ದಶಲಕ್ಷ ಲೀಟರ್ ಆಗುತ್ತದೆ.

ವಿದ್ಯುದಾಗಾರಕ್ಕೆ ಹೋದ ನೀರು ಚಕ್ರ ತಿರುಗಿಸಿ ಕೆಳಗೆ ಮತ್ತೆ ಹೊಳೆಗೇ ಸೇರುತ್ತದೆ. ನಮ್ಮ ನಲ್ಲಿಗೆ ಬಂದದ್ದು ಹಾಗಲ್ಲ. ಇಂದಿರಾನಗರದಲ್ಲಿ ಪಾತ್ರೆ ತೊಳೆದ ನೀರು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ ಬೀಳುತ್ತದೆ. ಕಾವೇರಿ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ. 2018ರಿಂದ ಒಂದು ಪಾಲನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಕೆ.ಸಿ. ವ್ಯಾಲಿ ನೀರು ಎನ್ನುವುದು ಅದನ್ನೇ. ಹಿಂದೆ ತಂತಿಯಲ್ಲಿ ಕೋಲಾರಕ್ಕೆ ಹೋದ ಕಾವೇರಿ ಈಗ ನಮ್ಮ ಬಚ್ಚಲು ಸುತ್ತಿಕೊಂಡು ಹೋಗುತ್ತಿದ್ದಾಳೆ.

ನಮ್ಮಿಂದಾಗಿಯೇ ಜಲಪಾತ ಒಣಗಿತು ಎಂದು ಯಾರೂ ಅವಸರದಲ್ಲಿ ತೀರ್ಮಾನಿಸಬೇಡಿ. ಲೆಕ್ಕ ಹಾಕಿ ನೋಡಿದೆ. 2,225 ದಶಲಕ್ಷ ಲೀಟರ್ ಎಂದರೆ ಹೊಳೆಯವರ ಭಾಷೆಯಲ್ಲಿ ಸುಮಾರು 900 ಕ್ಯುಸೆಕ್. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 2019ರಲ್ಲಿ, ಮತ್ತೆ 2024ರಲ್ಲಿ, ಕನ್ನಂಬಾಡಿಯಿಂದಲೇ ಲಕ್ಷ ಕ್ಯುಸೆಕ್ ಮೀರಿ ಬಿಟ್ಟಿದ್ದಾರೆ. ಅಂದರೆ ಇಡೀ ಬೆಂಗಳೂರು ಬಾಯಿ ತೆರೆದು ಕುಡಿಯುವುದರ ನೂರು ಪಟ್ಟಿಗಿಂತ ಹೆಚ್ಚು. ಬೇಸಿಗೆಯಲ್ಲಿ ಕತೆ ಬೇರೆ. ಹೊಳೆಯಲ್ಲಿ ಇರುವುದೇ ಸ್ವಲ್ಪ, ಅದರಲ್ಲಿ ಕಾಲುವೆ ಪಾಲು, ಪಂಪಿನ ಪಾಲು ಹೋಗಿ ಬಂಡೆ ಮೇಲೆ ಉಳಿಯುವುದು ನಾಲ್ಕು ಎಳೆ.

ಅಪಾಯ ಇರುವುದು ಈ ಎರಡರ ನಡುವೆ.

ಒಣಗಿದ ಬಂಡೆಯ ಮೋಸ

ಲಕ್ಷ ಕ್ಯುಸೆಕ್ ಬಂದಾಗ ಯಾರೂ ನೀರಿಗಿಳಿಯುವುದಿಲ್ಲ. ಅದರ ಸದ್ದಿಗೇ ಎದೆ ನಡುಗುತ್ತದೆ, ಪೊಲೀಸರೂ ಇರುತ್ತಾರೆ. ಜನ ಇಳಿಯುವುದು ನೀರು ಕಡಿಮೆ ಇದ್ದಾಗ. ಬಂಡೆಗಳು ಹೊರಗೆ ಕಾಣುತ್ತಿರುತ್ತವೆ, ಅಲ್ಲಲ್ಲಿ ತಿಳಿನೀರಿನ ಮಡು, ಊರಿನಲ್ಲಿ ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದವರಿಗೆ ಅದು ಸ್ವರ್ಗ. ದರ್ಗಾದ ಹಿಂಭಾಗದಿಂದ ಬಂಡೆ ಇಳಿದರೆ ಜಲಪಾತದ ನೆತ್ತಿಯವರೆಗೂ ಹೋಗಬಹುದು ಎಂದು ಯಾರೋ ಒಬ್ಬ ಹೇಳಿರುತ್ತಾನೆ. ಬೇಲಿ ಇದ್ದರೂ ಬೇಲಿಯಲ್ಲಿ ಒಂದು ಕಂಡಿ ಇದ್ದೇ ಇರುತ್ತದೆ.

ಆ ಬಂಡೆ ಒಣಗಿರುವುದು ಹೊಳೆ ಸತ್ತದ್ದರಿಂದಲ್ಲ, ನೀರನ್ನು ಮೇಲೆ ಹಿಡಿದುಕೊಂಡಿರುವುದರಿಂದ. ಹಿಡಿದುಕೊಂಡದ್ದನ್ನು ಬಿಡಲೂಬಹುದು. ಕನ್ನಂಬಾಡಿಯದ್ದು ಒಂದು ಬಾಗಿಲು, ಕಬಿನಿಯದ್ದು ಇನ್ನೊಂದು. ಟಿ. ನರಸೀಪುರದಲ್ಲಿ ಎರಡೂ ಕೂಡಿ ಬರುತ್ತವೆ. ವೈನಾಡಿನಲ್ಲಿ ಮಳೆಯಾದರೆ ಕಬಿನಿ ಬಾಗಿಲು ತೆರೆಯುತ್ತದೆ, ಶಿವನಸಮುದ್ರದಲ್ಲಿ ಬಿಸಿಲಿದ್ದರೂ ಇರಬಹುದು. ಇದಲ್ಲದೆ ಕಾಲುವೆಗೆ ಹೋಗುವ ನೀರು ಕಡಿಮೆಯಾದರೆ ಆ ಪಾಲೂ ಹೊಳೆಗೇ ಉಳಿಯುತ್ತದೆ. ನಮ್ಮೂರ ಮೋರಿಯಲ್ಲಿ ನೀರು ಏರಬೇಕಾದರೆ ನಮ್ಮ ತಲೆ ಮೇಲೆ ಮಳೆ ಬರಬೇಕು. ಆ ಲೆಕ್ಕ ಕಾವೇರಿಯಲ್ಲಿ ನಡೆಯುವುದಿಲ್ಲ.

ಹದಿನೈದು ವರ್ಷದಿಂದ ಆ ದಾರಿಯಲ್ಲಿ ಗಾಡಿ ಓಡಿಸುತ್ತಿರುವ ಶಿವಾಜಿನಗರದ ಚಾಲಕರೊಬ್ಬರು ಹೇಳಿದ ಮಾತು ಹೀಗಿದೆ: "ಸಾರ್, ನೀರು ಫುಲ್ ಇದ್ದಾಗ ನನಗೆ ಟೆನ್ಷನ್ ಇಲ್ಲ. ಎಲ್ರೂ ಕಟ್ಟೆ ಮೇಲೇ ನಿಂತ್ಕೋತಾರೆ. ನೀರು ಕಮ್ಮಿ ಇದ್ದಾಗ ಹುಡುಗ್ರು ಕಾಣಿಸಲ್ಲ. ಎಣಿಸ್ಕೊಂಡು ಕೂರೋದೇ ನನ್ನ ಕೆಲಸ. ಹದಿನೇಳು ಜನ ಕರ್ಕೊಂಡು ಬಂದ್ರೆ ಹದಿನೇಳು ಜನಾನೂ ವಾಪಸ್ ಹತ್ತಬೇಕಲ್ವಾ?"

ನೀರು ಏರದಿದ್ದರೂ ಬಂಡೆಯೇ ಸಾಕು. ಪಾಚಿ ಕಟ್ಟಿದ ಬಂಡೆ ಸಾಬೂನಿನ ಹಾಗೆ ಜಾರುತ್ತದೆ. ಹೊಳೆಯ ಸುಳಿಯಲ್ಲಿ ಗುಂಡುಕಲ್ಲು ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿ ಕೊರೆದಿರುತ್ತದೆ. ಮೊಣಕಾಲುದ್ದದ ನೀರು ಎಂದು ಹೆಜ್ಜೆ ಇಟ್ಟರೆ ಎರಡಾಳು ಆಳ. ಒಬ್ಬ ಜಾರುತ್ತಾನೆ, ಹಿಡಿಯಲು ಹೋದ ಇನ್ನೊಬ್ಬ ಹೋಗುತ್ತಾನೆ. ಇಂಥ ಸುದ್ದಿಗಳಲ್ಲಿ ಅಣ್ಣ ತಮ್ಮಂದಿರು, ಒಂದೇ ಕಾಲೇಜಿನ ಮೂವರು ಎಂದೆಲ್ಲ ಬರುವುದು ಇದರಿಂದಲೇ. ಈಜು ಬರುತ್ತಿತ್ತು ಎಂದು ಮನೆಯವರು ಅಳುತ್ತಾರೆ. ಈಜುಕೊಳದ ಈಜು ಬೇರೆ, ಹೊಳೆಯ ಸೆಳವಿನ ಈಜು ಬೇರೆ.

ಹಲಸೂರು ಕೆರೆಯ ಹತ್ತಿರದ ಒಂದು ಬೀದಿಯಲ್ಲಿ ಮಗನನ್ನು ಹೀಗೆ ಕಳೆದುಕೊಂಡ ತಾಯಿಯೊಬ್ಬರನ್ನು ಮಾತಾಡಿಸಿದೆ. ಹೆಸರು ಬೇಡ ಎಂದರು. ಹುಡುಗ ಹೋಗುವ ಹಿಂದಿನ ರಾತ್ರಿ ಕೇಳಿದರಂತೆ, ನೀರು ಜಾಸ್ತಿ ಇದೆಯಾ ಎಂದು. "ಇಲ್ಲಮ್ಮ, ನೀರೇ ಇಲ್ವಂತೆ ಅಂದ. ನೀರೇ ಇಲ್ಲ ಅಂದ್ಮೇಲೆ ಭಯ ಯಾಕೆ ಅಂತ ಕಳಿಸ್ದೆ ಸಾರ್" ಎಂದು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನಾನು ಏನೂ ಕೇಳಲಿಲ್ಲ.

ಹೊಳೆಯ ಬಲ ಎಷ್ಟೆಂದು ನೋಡಬೇಕೆನ್ನುವವರು ದ್ವೀಪಕ್ಕೆ ಹೋಗುವ ಹಳೆಯ ಕಲ್ಲು ಸೇತುವೆಯನ್ನು ನೋಡಬಹುದು. ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ಆ ಸೇತುವೆಯನ್ನು ಹೆಚ್ಚು ಕಡಿಮೆ 1830ರ ಹೊತ್ತಿಗೆ ರಾಮಸ್ವಾಮಿ ಮೊದಲಿಯಾರ್ ಎಂಬುವರು ಕಟ್ಟಿಸಿದ್ದು. ವೆಸ್ಲಿ ಸೇತುವೆ ಎನ್ನುತ್ತಾರೆ. ಎಷ್ಟೋ ಪ್ರವಾಹ ಕಂಡು ನಿಂತಿದ್ದ ಅದರ ಒಂದು ಭಾಗ 2018ರ ನೆರೆಯಲ್ಲಿ ಹೋಯಿತು. ಕಲ್ಲುಕಂಬವೇ ನಿಲ್ಲದ ಕಡೆ ಸೆಲ್ಫಿ ಕೋಲು ಹಿಡಿದವನ ಪಾಡೇನು?

ಕೆಳಗಿನ ಕಾಡು

ಶಿವನಸಮುದ್ರ ದಾಟಿದ ಮೇಲೆ ಹೊಳೆ ಕಾಡಿಗಿಳಿಯುತ್ತದೆ. ಭೀಮೇಶ್ವರಿ, ಮುತ್ತತ್ತಿ, ಸಂಗಮ, ಮೇಕೆದಾಟು, ಆಮೇಲೆ ಹೊಗೆನಕಲ್ಲು. ಈ ಕಾಡಿನ ಬಹುಭಾಗ 1987ರಿಂದ ಕಾವೇರಿ ವನ್ಯಧಾಮ. ಆನೆ ಇದೆ, ಮೊಸಳೆಯೂ ಇದೆ. ಬಿಳಿಮತ್ತಿ ಮರದ ನೆರಳಲ್ಲಿ ಕೂತರೆ ಎದ್ದು ಬರಲು ಮನಸ್ಸಾಗದು. ಬಾಟಲಿ ತಂದು ಬಂಡೆ ಮೇಲೆ ಒಡೆದು ಹೋಗುವ ಕೆಲವು ಮಹನೀಯರಿಗೆ ಮಾತ್ರ ಅಲ್ಲಿಯೂ ಶಿವಾಜಿನಗರದ ಬಾರೇ ಕಾಣುತ್ತದೆ.

ಮೇಕೆದಾಟಿಗೆ ಹೋಗುವವರು ಸಂಗಮದಲ್ಲಿ ಇಳಿದು ಹೊಳೆ ದಾಟಬೇಕು. ಅಲ್ಲಿ ಅರ್ಕಾವತಿ ಬಂದು ಕಾವೇರಿಗೆ ಸೇರುತ್ತದೆ. ಅರ್ಕಾವತಿಗೆ ವೃಷಭಾವತಿಯ ಮೂಲಕ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ಸೇರುವುದರಿಂದ, ಅದೇ ಹೊಳೆಯ ಚುಂಚಿ ಜಲಪಾತದಲ್ಲಿ ನೊರೆ ಕಂಡರೆ ಹಾಲ್ನೊರೆ ಎಂದು ಕವಿತೆ ಬರೆಯಬೇಡಿ. ಮೇಕೆದಾಟಿನಲ್ಲಿ ಹೊಳೆ ಕಿರಿದಾಗಿ ಬಂಡೆಯ ಸೀಳಿನಲ್ಲಿ ನುಗ್ಗುತ್ತದೆ. ಮೇಕೆ ಹಾರಿ ದಾಟಿತೆಂದು ಹೆಸರು. ನೋಡಲು ಕಿರಿದು ಎಂದ ಮಾತ್ರಕ್ಕೆ ನೀರು ಕಡಿಮೆ ಎಂದಲ್ಲ, ಮೇಲೆ ಅಗಲವಾಗಿ ಬಂದದ್ದೆಲ್ಲ ಅಲ್ಲಿ ಆಳಕ್ಕೆ ಹೋಗಿದೆ. ಮುತ್ತತ್ತಿಯಲ್ಲಿ ಆಂಜನೇಯನ ದರ್ಶನ ಮಾಡಿ ಸ್ನಾನಕ್ಕೆ ಇಳಿದವರ ಕತೆಯೂ ಇಂಥದ್ದೇ.

ಹೊಗೆನಕಲ್ಲು ತಮಿಳುನಾಡಿನ ಧರ್ಮಪುರಿ ಜಿಲ್ಲೆಗೆ ಸೇರಿದರೂ ಹೆಸರು ಅಚ್ಚಗನ್ನಡ. ನೀರ ಹನಿ ಹೊಗೆಯಂತೆ ಏಳುವ ಕಲ್ಲು. ಹಲಸೂರಿನವರು ಹೊಸೂರು ಮೇಲೆ ಅಲ್ಲಿಗೂ ಹೋಗುತ್ತಾರೆ. ಎಣ್ಣೆ ಹಚ್ಚಿಸಿಕೊಂಡು, ಹುರಿದ ಮೀನು ತಿಂದು, ಹರಿಗೋಲಿನಲ್ಲಿ ಒಂದು ಸುತ್ತು. ಅಲ್ಲಿ ಒಂದು ಪದ್ಧತಿ ಒಳ್ಳೆಯದಿದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ನೀರು ಅಳೆಯುತ್ತಾರೆ. ಎರಡು ರಾಜ್ಯದ ಜಗಳದ ಲೆಕ್ಕ ನಡೆಯುವುದೂ ಅಲ್ಲೇ. ಹರಿವು ಏರಿತೆಂದರೆ ಜಿಲ್ಲಾಡಳಿತ ಹರಿಗೋಲು ನಿಲ್ಲಿಸಿಬಿಡುತ್ತದೆ. ಜನ ಗೊಣಗಿಕೊಂಡು ಮೀನು ತಿಂದು ವಾಪಸ್ಸು ಬರುತ್ತಾರೆ. ಬರುತ್ತಾರಲ್ಲ, ಅದೇ ಮುಖ್ಯ.

ಒಂದು ಕರಿಹಲಗೆ ಸಾಕು

ಕನ್ನಂಬಾಡಿ, ಕಬಿನಿಯಿಂದ ಎಷ್ಟು ನೀರು ಬಿಟ್ಟರು ಎಂಬುದು ಗುಟ್ಟಲ್ಲ. ಒಳಹರಿವು, ಹೊರಹರಿವು ಎಂದು ದಿನಾ ಬೆಳಿಗ್ಗೆ ಲೆಕ್ಕ ಹೊರಬೀಳುತ್ತದೆ. ನೀರು ಹೆಚ್ಚು ಬಿಡುವಾಗ ನದಿಪಾತ್ರದ ಹಳ್ಳಿಗಳಿಗೆ ಎಚ್ಚರಿಕೆ ಕೊಡುತ್ತಾರೆ. ಆದರೆ ಹಳ್ಳಿಯವರಿಗೆ ಹೊಳೆಯ ಸ್ವಭಾವ ಹುಟ್ಟಿನಿಂದ ಗೊತ್ತು. ಗೊತ್ತಿಲ್ಲದವರು ನಾವು, 130 ಕಿಲೋಮೀಟರ್ ದೂರದಲ್ಲಿ ಗಾಡಿ ಹತ್ತುವವರು. ನಮಗೆ ಹೇಳುವವರಿಲ್ಲ.

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ, ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ, ವ್ಯಾನುಗಳು ನಿಲ್ಲುವ ಕಡೆ, ಶನಿವಾರ ಸಂಜೆ ಒಂದು ಹಲಗೆಯ ಮೇಲೆ ಎರಡು ಸಾಲು ಬರೆದು ಹಾಕುವುದು ಯಾರಿಗೂ ಹೊರೆಯಲ್ಲ. ಇಂದು ಕನ್ನಂಬಾಡಿಯಿಂದ ಇಷ್ಟು, ಕಬಿನಿಯಿಂದ ಇಷ್ಟು. ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಅಷ್ಟೆ. ಕನ್ನಡ, ಉರ್ದು, ತಮಿಳು ಮೂರರಲ್ಲೂ ಇರಲಿ, ಏಕೆಂದರೆ ಹೋಗುವವರು ಆ ಮೂವರೂ. ಪ್ರವಾಸೋದ್ಯಮ ಇಲಾಖೆಯವರು ಮಾಡಲಿ, ಪಾಲಿಕೆಯವರು ಮಾಡಲಿ, ಇಲ್ಲವೇ ವ್ಯಾನಿನವರ ಸಂಘದವರೇ ಮಾಡಲಿ. ಜಲಪಾತೋತ್ಸವಕ್ಕೆ ಬಣ್ಣದ ದೀಪ ಹಾಕುವ ಖರ್ಚಿನ ಮುಂದೆ ಇದು ಸುಣ್ಣದಕಡ್ಡಿಯ ಖರ್ಚು.

ಅಲ್ಲಿಯವರೆಗೆ ಹೋಗುವವರು ಇಷ್ಟು ಮಾಡಬಹುದು. ಹೊರಡುವ ಬೆಳಿಗ್ಗೆ ಎರಡೂ ಅಣೆಕಟ್ಟೆಯ ಹೊರಹರಿವು ನೋಡಿಕೊಳ್ಳಿ. ಜುಲೈನಿಂದ ಅಕ್ಟೋಬರ್‌ವರೆಗೆ ಹೋದರೆ ಕಣ್ತುಂಬ ನೀರು, ಮಾರ್ಚ್ ಏಪ್ರಿಲ್‌ನಲ್ಲಿ ಹೋದರೆ ಬರೀ ಬಂಡೆ. ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ಕಟ್ಟೆಯಿಂದಲೇ ನೋಡಿ, ಎದುರಿಗೆ ಪೂರ್ತಿ ಕಾಣುವುದು ಅಲ್ಲಿಂದ ಮಾತ್ರ. ದರ್ಗಾಕ್ಕೆ ಹೋದವರು ಜಿಯಾರತ್ ಮುಗಿಸಿ, ಊಟ ಮಾಡಿ, ಹುಡುಗರನ್ನು ಕಣ್ಣೆದುರೇ ಇಟ್ಟುಕೊಳ್ಳಿ. ಭರಚುಕ್ಕಿಯಲ್ಲಿ ಮೆಟ್ಟಿಲಿಗೆ ಬಾಗಿಲು ಹಾಕಿದ್ದರೆ ಮೇಲಿಂದಲೇ ನೋಡಿ, ಕಾವಲಿನವನಿಗೆ ಕೈ ಬೆಚ್ಚಗೆ ಮಾಡಬೇಡಿ. ಸಂಜೆ ಐದರೊಳಗೆ ಗಾಡಿ ಹೊರಟರೆ ಕನಕಪುರ ರಸ್ತೆಯ ಭಾನುವಾರದ ಜಂಗುಳಿ ದಾಟಿ ಒಂಬತ್ತರ ಹೊತ್ತಿಗೆ ಹಲಸೂರು ಸೇರಬಹುದು. ಗಾಡಿ ಹೊರಡುವ ಮುಂಚೆ ತಲೆ ಎಣಿಸುವುದನ್ನು ಚಾಲಕರಿಗೇ ಬಿಡಬೇಡಿ.